ಓರೆಸ್ಟನ ಎಡಗಣ್ಣು

ಡುಲುತ್
೨೭ ಅಕ್ಟೋಬರ್ ೧೯೭೪

ಪ್ರೀತಿಯ ಅಮ್ಮನಿಗೆ,

ನೀನು ಹೆಣೆದು ಕಳಿಸಿದ ಕಾಲುಚೀಲ ಬಂತು. ತಂಡದ ಹುಡುಗರು ನೋಡಿ, "ಏನೋ ಬಾಬಿಯಾಕ್, ನಿಮ್ಮಮ್ಮ ನಿನ್ನನ್ನ ಇನ್ನೂ ಸ್ಕೂಲಿಗೆ ಕಳಿಸ್ತಾ ಇದಾಳೇನೋ?" ಎಂದು ನಕ್ಕರು. ನಗಲಿ. ಬಸ್ಸಿನಲ್ಲಿ ಮರಗಟ್ಟುವುದು ಅವರ ಕಾಲು, ನನ್ನದಲ್ಲ.

ಒಂದು ವಿಷಯ ಬರೆಯುತ್ತೇನೆ, ಓದಿ ಒಲೆಗೆ ಹಾಕು. ಹೋದ ತಿಂಗಳು ಒಂದು ಗುದ್ದು ಎಡಗಣ್ಣಿನ ಮೇಲೆ ಬಿತ್ತು. ಊತ ಇಳಿಯಿತು. ಆದರೆ ಆ ಕಡೆಯಿಂದ ಬರುವುದೆಲ್ಲ ಹಾಲಿನಲ್ಲಿ ಮುಳುಗಿ ನೋಡಿದ ಹಾಗೆ ಕಾಣುತ್ತದೆ. ತಂಡದ ಡಾಕ್ಟರಿಗೆ ಹೇಳಲಿಲ್ಲ. ಬೇರೆ ಹೆಸರು ಕೊಟ್ಟು ಊರಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. "ಕಣ್ಣಿನ ಹಿಂದಿನ ಪರದೆ ಸಡಿಲ ಆಗಿದೆ. ಇನ್ನೊಂದು ಏಟು ಬಿದ್ರೆ ಈ ಕಣ್ಣಿನ ಆಸೆ ಬಿಟ್ಬಿಡಿ. ಏನು ಕೆಲಸ ಮಾಡ್ತೀರಿ?" ಎಂದರು. "ಹಿಟ್ಟಿನ ಗಿರಣೀಲಿದೀನಿ" ಎಂದೆ.

ಈ ಐಸ್ ಹಾಕಿಯಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಗೋಲು ಹೊಡೆಯುವವರು ಬೇರೆ ಇದ್ದಾರೆ. ಅವರನ್ನು ಯಾವನಾದರೂ ಮುಟ್ಟಿದರೆ, ಗ್ಲೌಸ್ ಬಿಸಾಡಿ ಅವನ ಮುಖ ಒಡೆಯುವುದಕ್ಕೆ ನನ್ನನ್ನು ಸಾಕಿಕೊಂಡಿದ್ದಾರೆ. ಈ ಚಳಿಗಾಲ ಯಾರಿಗೂ ಬಗ್ಗದಿದ್ದರೆ ಮುಂದಿನ ವರ್ಷ ಮೇಲಿನ ಲೀಗಿಗೆ ಕಳಿಸುತ್ತೇನೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದಾನೆ. ಎಂಟು ವರ್ಷದಿಂದ ಹಲ್ಲು ಕಳೆದುಕೊಂಡು ಕಾದಿದ್ದು ಇದಕ್ಕೇ. ಕಣ್ಣಿನ ವಿಷಯ ಹೊರಗೆ ಬಿದ್ದರೆ ಅವತ್ತೇ ನನ್ನ ಪೆಟ್ಟಿಗೆಯೂ ಹೊರಗೆ ಬೀಳುತ್ತದೆ.

ಡಿಸೆಂಬರಿನಲ್ಲಿ ಫ್ಲಿಂಟ್ ತಂಡ ಇಲ್ಲಿಗೆ ಬರುತ್ತದೆ. ಆ ಕಡೆ ನನ್ನ ಕೆಲಸ ಮಾಡುವವನು ನಮ್ಮ ಐನಾರ್, ಸಿಗ್ನಿ ಅಮ್ಮನ ಮಗ. ಅವನ ಬಲಗೈ ಗುದ್ದು ನೆಟ್ಟಗೆ ನನ್ನ ಎಡಗಣ್ಣಿಗೇ ಬರುತ್ತದೆ. ನೋಡೋಣ.

ನಿನ್ನ ಮಗ,
ಓರೆಸ್ಟ್

*

ಹಾಫರ್ಡ್
೬ ನವೆಂಬರ್ ೧೯೭೪

ಮಗನೇ,

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಅದರಲ್ಲಿದ್ದದ್ದು ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ.

ಇದೊಂದು ಚಳಿಗಾಲ ಅನ್ನಬೇಡ. ನಿನ್ನಪ್ಪನೂ ಇದೊಂದು ಗ್ಲಾಸು, ಇದೊಂದು ಗ್ಲಾಸು ಅಂದುಕೊಂಡೇ ಗುಂಡಿಗೆ ಹೋದ. ಮನೆಗೆ ಬಾ. ನಿನ್ನ ಸೋದರಮಾವನ ಗ್ಯಾರೇಜಿನಲ್ಲಿ ಕೆಲಸವಿದೆ. "ಬಾಬಿಯಾಕ್ ಮಗ ವಾಪಸ್ ಬಂದ್ನಂತೆ" ಎಂದು ಊರವರು ನಾಲ್ಕು ದಿನ ಆಡಿಕೊಳ್ಳುತ್ತಾರೆ. ಆಮೇಲೆ ಅವರಿಗೆ ಬೇರೆ ಯಾರಾದರೂ ಸಿಗುತ್ತಾರೆ.

ಬರುವುದಿಲ್ಲ ಅಂತಾದರೆ ಐನಾರನಿಗಾದರೂ ಒಂದು ಮಾತು ಹೇಳು. ಎರಡು ಚಳಿಗಾಲ ಅವರ ಮನೆಯಲ್ಲಿ ಉಂಡಿದ್ದೀಯ, ಅವನ ಕೋಣೆಯಲ್ಲೇ ಮಲಗಿದ್ದೀಯ. ಗೊತ್ತಾದರೆ ಅವನು ಆ ಜಾಗಕ್ಕೆ ಹೊಡೆಯುವುದಿಲ್ಲ. ಗೊತ್ತಿಲ್ಲದೆ ಹೊಡೆದರೆ ಅವನಿಗೂ ಜನ್ಮಪೂರ್ತಿ ನೋವು.

ನಿನ್ನ ಅಮ್ಮ,
ತೆಕ್ಲಾ

*

ಡುಲುತ್
೧೫ ನವೆಂಬರ್ ೧೯೭೪

ಅಮ್ಮ,

ನಿನಗೆ ತಲೆ ಕೆಟ್ಟಿದೆಯಾ? ಎಲ್ಲಿ ನೋಯುತ್ತದೆ ಎಂದು ಎದುರಾಳಿಗೆ ಯಾರಾದರೂ ಹೇಳುತ್ತಾರೆಯೇ? ಸಿಗ್ನಿ ಅಮ್ಮನ ಮನೆಯಲ್ಲಿ ಅವನು ನನ್ನ ತಮ್ಮ. ಐಸ್ ಮೇಲೆ ಅವನಿಗೂ ನನ್ನದೇ ಹೊಟ್ಟೆಪಾಡು. ಮೂರು ವರ್ಷದಿಂದ ಗುದ್ದಾಡಿದ್ದೇವೆ, ಆಮೇಲೆ ಒಟ್ಟಿಗೆ ಕೂತು ತಿಂದಿದ್ದೇವೆ. ನಮ್ಮಲ್ಲಿ ಅದಕ್ಕೊಂದು ರೀತಿಯಿದೆ. ಮೊದಲು "ಬರ್ತೀಯಾ?" ಎಂದು ಕೇಳಬೇಕು. ಅವನು ಹೂಂ ಅಂದ ಮೇಲೆ ಇಬ್ಬರೂ ಗ್ಲೌಸ್ ಬಿಸಾಡಬೇಕು. ಬಿದ್ದವನನ್ನು ಮುಟ್ಟಬಾರದು, ಬೆನ್ನಿಗೆ ಹೊಡೆಯಬಾರದು. ಅಷ್ಟರಲ್ಲಿ ಎಲ್ಲ ಮುಗಿಯಿತು. ನನ್ನ ಮೇಲೆ ಕನಿಕರ ಪಡು ಎಂದು ಕೇಳುವ ರೀತಿ ಅದರಲ್ಲಿ ಇಲ್ಲ.

ನೀನು ಪೆರೋಹೆ ಕಡುಬು ಲಟ್ಟಿಸಿಕೊಂಡು ಆರಾಮವಾಗಿರು. ನನ್ನ ಕೆಲಸಕ್ಕೆ ಮೂಗು ತೂರಿಸಬೇಡ.

ಓರೆಸ್ಟ್

*

ಹಾಫರ್ಡ್
೨೦ ನವೆಂಬರ್ ೧೯೭೪

ಪ್ರೀತಿಯ ಸಿಗ್ನಿ ಅವರಿಗೆ,

ನಿಮಗೆ ಕಾಗದ ಬರೆದು ವರ್ಷದ ಮೇಲಾಯಿತು. ನನ್ನ ಮಗ ಹದಿನಾರಕ್ಕೆ ವಿನ್‌ಯಾರ್ಡಿನಲ್ಲಿ ಆಡಲು ಬಂದಾಗ, ತಂಡದವರು ಅವನನ್ನು ನಿಮ್ಮ ಮನೆಯಲ್ಲಿ ಊಟ-ವಸತಿಗೆ ಬಿಟ್ಟರು. ನಿಮ್ಮ ಬಾಗಿಲಲ್ಲಿ ಅವನನ್ನು ಬಿಟ್ಟು ಹೊರಟಾಗ ನಾನು ಅಳುತ್ತಿದ್ದೆ. ಆಗ ನೀವು, "ಅಳ್ಬೇಡ್ರೀ, ನನ್ನ ಹತ್ರ ಒಂದು ಕತ್ತೆ ಇದೆ, ಇದು ಎರಡನೇದು. ಎರಡಕ್ಕೂ ಒಂದೇ ಬೆತ್ತ, ಒಂದೇ ಸೂಪು" ಅಂದಿರಿ. ಆ ಧೈರ್ಯದ ಮೇಲೆ ಈಗಲೂ ಬರೆಯುತ್ತಿದ್ದೇನೆ.

ಓರೆಸ್ಟನ ಎಡಗಣ್ಣು ಹಾಳಾಗಿದೆ. ಇನ್ನೊಂದು ಏಟು ಬಿದ್ದರೆ ಕುರುಡಾಗುತ್ತದಂತೆ. ಅವನು ಯಾರಿಗೂ ಹೇಳುವುದಿಲ್ಲ, ಆಟ ಬಿಡುವುದೂ ಇಲ್ಲ. ಬೇರೆಯವರ ಮಕ್ಕಳ ಕೈ ಹಿಡಿಯಲು ನನ್ನಿಂದಾಗದು. ನಿಮ್ಮ ಮಗನ ಕೈಯನ್ನಾದರೂ ನೀವು ಹಿಡಿಯಬಲ್ಲಿರಿ. ಡಿಸೆಂಬರಿನಲ್ಲಿ ಅವರಿಬ್ಬರೂ ಎದುರಾಗುತ್ತಾರೆ. ಓರೆಸ್ಟ್ ಏನೇ ಅಂದರೂ, ಏನೇ ಮಾಡಿದರೂ ಅವನ ಮೇಲೆ ಕೈ ಎತ್ತುವುದಿಲ್ಲ ಎಂದು ಐನಾರನಿಂದ ಆಣೆ ಮಾಡಿಸಿ. ನಾನು ಬರೆದೆ ಎಂದು ಓರೆಸ್ಟನಿಗೆ ಗೊತ್ತಾಗಬಾರದು. ಗೊತ್ತಾದರೆ ಅವನು ನನ್ನ ಮುಖ ನೋಡುವುದಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡಿ. ನನಗಿರುವುದು ಅದೊಂದೇ ಹೆಗ್ಗಣ.

ನಿಮ್ಮ,
ತೆಕ್ಲಾ ಬಾಬಿಯಾಕ್

*

ವಿನ್‌ಯಾರ್ಡ್
೧ ಡಿಸೆಂಬರ್ ೧೯೭೪

ಪ್ರೀತಿಯ ತೆಕ್ಲಾ,

ನಿಮ್ಮ ಕಾಗದ ಓದಿ ಒಂದು ಕಪ್ ಕಾಫಿ ಕುಡಿದು ಐನಾರನಿಗೆ ಫೋನು ಮಾಡಿದೆ. ಮೊದಲು ಕೂಗಾಡಿದ. "ಅಮ್ಮ, ನನ್ನನ್ನ ಇಟ್ಕೊಂಡಿರೋದೇ ಅದಕ್ಕೆ. ಅವನು ಬರ್ತೀಯಾ ಅಂದಾಗ ನಾನು ತಿರುಗಿ ಹೋದ್ರೆ ಕೋಚಿಗೆ ಏನಂತ ಹೇಳ್ಲಿ? ಹೊಟ್ಟೆನೋವು ಅಂತಲಾ?" ಎಂದ. "ಏನಾದ್ರೂ ಹೇಳ್ಕೋ. ಆ ಹುಡುಗ ನನ್ನ ಕೈಯಲ್ಲಿ ಉಂಡಿದಾನೆ. ಅವನ ಕಣ್ಣು ನಿನ್ನ ಕೈಯಲ್ಲಿ ಹೋದ್ರೆ ಈ ಮನೆ ಮೆಟ್ಟಿಲು ಹತ್ತಬೇಡ" ಎಂದೆ. ಕೊನೆಗೆ ಅವರಪ್ಪನ ಮೇಲೆ ಆಣೆ ಮಾಡಿದ.

ನಮ್ಮ ಮನೆತನದವರು ದಡ್ಡರು ಇರಬಹುದು, ಕೊಟ್ಟ ಮಾತಿಗೆ ತಪ್ಪುವವರಲ್ಲ. ಓರೆಸ್ಟ್ ಏನು ಮಾಡಿದರೂ ಅವನು ಕೈ ಎತ್ತುವುದಿಲ್ಲ. ನೀವಿನ್ನು ನಿದ್ದೆ ಮಾಡಿ.

ಒಣಪ್ಲಮ್ಮಿನ ಪದರದ ಕೇಕು ಕಳಿಸಿದ್ದೇನೆ. ಓರೆಸ್ಟನಿಗೆ ಇಷ್ಟವಾದದ್ದು. ಹಬ್ಬಕ್ಕೆ ಬಂದರೆ ಕೊಡಿ.

ಸಿಗ್ನಿ

*

ಡುಲುತ್
೨೩ ಡಿಸೆಂಬರ್ ೧೯೭೪

ತೆಕ್ಲಾ ಬಾಬಿಯಾಕ್ ಅವರಿಗೆ,

ಅಮ್ಮ ಎಂದು ಬರೆಯಲು ಕೈ ಬರುತ್ತಿಲ್ಲ.

ಫ್ಲಿಂಟ್ ತಂಡದ ಜೊತೆಗಿನ ಆಟ ಹೇಗಾಯಿತು ಎಂದು ತಿಳಿಯುವ ಆಸೆ ನಿನಗೆ ಇದ್ದೇ ಇರುತ್ತದೆ. ಕೇಳು. ಮೊದಲ ಅವಧಿಯಲ್ಲೇ ಅವರ ಕಡೆಯವನೊಬ್ಬ ನಮ್ಮ ಹುಡುಗನನ್ನು ಗೋಡೆಗೆ ಅಪ್ಪಳಿಸಿದ. ನನ್ನ ಕೋಚ್ ನನ್ನ ಭುಜ ತಟ್ಟಿದ. ನಾನು ಐನಾರನ ಹತ್ತಿರ ಹೋಗಿ "ಬರ್ತೀಯಾ?" ಎಂದೆ. ಅವನು ನೆಲ ನೋಡಿಕೊಂಡು ಜಾರಿ ಹೋದ. ಇನ್ನೊಮ್ಮೆ ಕೇಳಿದೆ. ಕೇಳದವನ ಹಾಗೆ ಹೋದ. ಮೂರನೇ ಸಲ ಅವನ ಅಂಗಿ ಹಿಡಿದೆ. ಆಗ ಮೆಲ್ಲಗೆ ಹೇಳಿದ: "ಬೇಡ ಕಣೋ. ನಿನ್ನ ಕಣ್ಣಿನ ವಿಷಯ ಗೊತ್ತು. ನಿಮ್ಮಮ್ಮ ನಮ್ಮಮ್ಮಂಗೆ ಬರೆದಿದಾರೆ. ನಾನು ಆಣೆ ಮಾಡಿದೀನಿ."

ಅವನು ಮೆಲ್ಲಗೇ ಹೇಳಿದ. ಪಕ್ಕದಲ್ಲಿ ಅವನ ತಂಡದವನೊಬ್ಬ ಇದ್ದ, ಅವನ ಕಿವಿ ಮೆಲ್ಲಗಿರಲಿಲ್ಲ. ಎರಡನೇ ಅವಧಿಗೆ ಅವರ ಬೆಂಚಿನವರೆಲ್ಲ ಎಡಗಣ್ಣಿಗೆ ಕೈ ಅಡ್ಡ ಇಟ್ಟುಕೊಂಡು, "ಅಮ್ಮಾ, ಅಮ್ಮಾ, ಇವನು ಹೊಡೀತಾನೆ" ಎಂದು ಹೆಂಗಸರ ದನಿಯಲ್ಲಿ ಕೂಗುತ್ತಿದ್ದರು. ಮುಂದಿನ ಊರಿಗೆ ನಾವು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಲ್ಲಿಯ ದಾಂಡಿಗ ನನ್ನ ಗಲ್ಲ ಚಿವುಟಿ, "ಅಮ್ಮನ ಹತ್ರ ಚೀಟಿ ಬರೆಸ್ಕೊಂಡು ಬಂದಿದೀಯಾ ಚಿನ್ನಾ?" ಎಂದ. ಯಾರೂ ನನ್ನ ಜೊತೆ ಗುದ್ದಾಡುವುದಿಲ್ಲ. ನನ್ನ ಹಿಂದೆ ಇರುವ ಹುಡುಗರನ್ನು ಈಗ ಯಾರು ಬೇಕಾದರೂ ತುಳಿಯುತ್ತಾರೆ. ಕಚ್ಚದ ನಾಯಿಗೆ ಯಾವನು ಅನ್ನ ಹಾಕುತ್ತಾನೆ?

ಮ್ಯಾನೇಜರ್ ಕರೆದು ಬಲಗಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದ. ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ. ಅವನು ನಂಬಲಿಲ್ಲ. "ಫೆಬ್ರವರಿ ತನಕ ನೋಡ್ತೀನಿ. ಫ್ಲಿಂಟ್‌ಗೆ ಹೋದಾಗ ಆ ಐನಾರನನ್ನ ಕೆಡವಿ ತೋರಿಸು. ಆಗ್ಲಿಲ್ವಾ, ಅಲ್ಲಿಂದಲೇ ಮನೆಗೆ ಬಸ್ಸು ಹತ್ತು. ನಿಮ್ಮಮ್ಮ ಕಾಯ್ತಿರ್ತಾಳೆ" ಎಂದ.

ಒಂಬತ್ತು ತಿಂಗಳು ಹೊತ್ತೆ ಎಂದು ಜೀವಮಾನವಿಡೀ ಹೊರುವ ಹಕ್ಕು ನಿನಗೆ ಯಾರು ಕೊಟ್ಟರು? ಅಪ್ಪ ಕುಡಿದು ಸತ್ತದ್ದು ಯಾಕೆಂದು ಈಗ ಅರ್ಥವಾಗುತ್ತದೆ. ಇನ್ನು ನನಗೆ ಬರೆಯಬೇಡ.

ಓರೆಸ್ಟ್ ಬಾಬಿಯಾಕ್

*

ಹಾಫರ್ಡ್
೮ ಜನವರಿ ೧೯೭೫

ಮಗನೇ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ನಿನ್ನೆ ನಮ್ಮ ಹಳೆ ಪಂಚಾಂಗದ ಕ್ರಿಸ್ಮಸ್. ನಿನ್ನ ಚಿಕ್ಕಮ್ಮ ಕೇಳಿದಳು, "ಓರೆಸ್ಟ್ ಯಾಕೆ ಬರಲಿಲ್ಲ?" ಎಂದು. "ಆಟ ಇದೆ" ಎಂದೆ.

ನಿನ್ನಪ್ಪನ ವಿಷಯ ನೀನು ಬರೆದದ್ದನ್ನು ಓದಿದೆ. ಅದು ನನಗೆ ತಾಗಲಿ ಎಂದೇ ಬರೆದದ್ದು, ತಾಗಿತು. ಆದರೂ ನಾನು ಮಾಡಿದ್ದು ತಪ್ಪು ಅನ್ನಲಾರೆ. ಒಂದು ಕಣ್ಣಿಟ್ಟುಕೊಂಡು ಗಂಡಸು ಅನಿಸಿಕೊಳ್ಳುವುದಕ್ಕಿಂತ ಎರಡು ಕಣ್ಣಿಟ್ಟುಕೊಂಡು ನಗೆಪಾಟಲಾಗುವುದು ಮೇಲು. ನಿನಗೆ ಹಾಗೆ ಕಾಣದಿದ್ದರೆ ಬೈಯಬೇಕಾದದ್ದು ನನ್ನನ್ನು, ನನ್ನನ್ನು ಮಾತ್ರ.

ಐನಾರನ ತಂಟೆಗೆ ಹೋಗಬೇಡ. ಆ ಹುಡುಗ ನಿನಗೋಸ್ಕರ ತನ್ನ ಕೋಚಿನ ಹತ್ತಿರ ಬೈಸಿಕೊಳ್ಳುತ್ತಿದ್ದಾನೆ. ಉಂಡ ಮನೆಗೆ ಎರಡು ಬಗೆಯಬೇಡ ಓರೆಸ್ಟ್. ಒಂದು ಸಾಲು ಬರೆ.

ತೆಕ್ಲಾ

*

ಫ್ಲಿಂಟ್, ಆಸ್ಪತ್ರೆಯಿಂದ
೨೦ ಫೆಬ್ರವರಿ ೧೯೭೫

ತೆಕ್ಲಾ,

ಪೇಪರಿನಲ್ಲಿ ಓದಿರುತ್ತೀರಿ. ಪೇಪರಿನವರು ಅರ್ಧ ಬರೆಯುತ್ತಾರೆ. ಉಳಿದರ್ಧ ನನ್ನಿಂದ ಕೇಳಿ. ಇದೆಲ್ಲ ಐನಾರನ ತಂಡದ ಹುಡುಗರು ನನಗೆ ಹೇಳಿದ್ದು. ಹೇಳುವಾಗ ಯಾರೂ ನನ್ನ ಮುಖ ನೋಡಲಿಲ್ಲ.

ಆಟ ಶುರುವಾದಾಗಿನಿಂದ ಓರೆಸ್ಟ್ ಅವನ ಹಿಂದೆಯೇ ಇದ್ದನಂತೆ. ಬರ್ತೀಯಾ ಎಂದು ಕೇಳಿದ, ಸ್ಟಿಕ್ಕಿನಿಂದ ಕಾಲಿಗೆ ತಿವಿದ, ಮುಖಕ್ಕೆ ಉಗಿದ. ಐನಾರ್ ಒರೆಸಿಕೊಂಡು ಹೋದ. ಆಮೇಲೆ ಓರೆಸ್ಟ್ ನನ್ನ ಹೆಸರು ಎತ್ತಿದ. ನಾನು ಅವನಿಗೆ ಸೂಪು ಮಾತ್ರ ಕೊಟ್ಟೆನೇ, ಇನ್ನೇನನ್ನೂ ಕೊಡಲಿಲ್ಲವೇ ಎನ್ನುವ ಅರ್ಥದ ಒಂದು ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಆಡಿದ. ನಾನು ಅವನ ಜ್ವರಕ್ಕೆ ಎದ್ದು ಕೂತವಳು, ತೆಕ್ಲಾ. ಅವನ ಒಳಚಡ್ಡಿ ಒಗೆದವಳು.

ಐನಾರ್ ನಿಂತ. ಈಗ ಹೊಡೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರಂತೆ. ಹೊಡೆಯಲಿಲ್ಲ. "ನಿಂಗೆ ಹುಷಾರಿಲ್ಲ ಕಣೋ" ಎಂದು ಬೆನ್ನು ತಿರುಗಿಸಿದ. ಓರೆಸ್ಟ್ ಗ್ಲೌಸ್ ಬಿಸಾಡಲಿಲ್ಲ, ಕೇಳಲೂ ಇಲ್ಲ. ಹಿಂದಿನಿಂದ ಕುತ್ತಿಗೆಗೆ ಹೊಡೆದು, ಅವನು ಮುಂದಕ್ಕೆ ಮುಗ್ಗರಿಸುವಾಗ ತನ್ನ ಇಡೀ ಭಾರ ಅವನ ಮೇಲೆ ಹಾಕಿ ಕೆಡವಿದ. ತಲೆ ಐಸಿಗೆ ಬಡಿದ ಸದ್ದು ಮೇಲಿನ ಸಾಲಿನವರಿಗೂ ಕೇಳಿಸಿತಂತೆ.

ಕತ್ತಿನ ಮೂಳೆ ಮುರಿದಿದೆ. ಕತ್ತಿನ ಕೆಳಗೆ ಏನೂ ಇಲ್ಲ. ಇದೆ, ಆದರೆ ಅದು ಅವನದಲ್ಲ. ಸೂಜಿ ಚುಚ್ಚಿದರೆ ನಾನು ಬೆಚ್ಚುತ್ತೇನೆ, ಅವನು ಚಾವಣಿ ನೋಡುತ್ತಿರುತ್ತಾನೆ. ಹೀಗೇ ಬದುಕುತ್ತಾನೆ, ಬಹಳ ವರ್ಷ ಬದುಕುತ್ತಾನೆ ಎಂದು ಡಾಕ್ಟರು ಶುಭಸಮಾಚಾರದ ಹಾಗೆ ಹೇಳಿದರು.

ಮೊನ್ನೆ ಎಚ್ಚರವಾದಾಗ ನನ್ನನ್ನು ಕಂಡು ನಗಲು ನೋಡಿದ. "ಕೈ ಎತ್ತಲ್ಲ ಅಂದಿದ್ದೆ. ಎತ್ತಿದ್ನಾ ಅಮ್ಮ?" ಎಂದ.

ಸಿಗ್ನಿ ಹಾಲ್ಡೋರ್ಸನ್

*

ವಿನ್‌ಯಾರ್ಡ್
೧೦ ಆಗಸ್ಟ್ ೧೯೭೫

ಓರೆಸ್ಟ್,

ನಿನ್ನನ್ನು ಆ ಲೀಗಿನಿಂದ ಹೊರಹಾಕಿದ್ದಾರೆಂದು ಕೇಳಿದೆ. ಹಾಗಾದರೆ ನಿನಗೀಗ ಬಿಡುವಿದೆ.

ಐನಾರನನ್ನು ಮನೆಗೆ ತಂದಿದ್ದೇನೆ. ನಿಮ್ಮಿಬ್ಬರ ಅದೇ ಕೋಣೆ. ಚರ್ಮ ಹುಣ್ಣಾಗದ ಹಾಗೆ ಅವನನ್ನು ಮಗ್ಗುಲು ಬದಲಿಸುತ್ತಲೇ ಇರಬೇಕು. ಎತ್ತಿ ಕೂರಿಸಬೇಕು, ತೊಳೆಯಬೇಕು. ನಿನ್ನ ತಮ್ಮನ ಮೈತೂಕ ನಿನಗೆ ಗೊತ್ತು. ನನ್ನ ಸೊಂಟ ಬಿದ್ದುಹೋಗಿದೆ.

ನೀನು ಬಾ. ಕ್ಷಮೆ ಕೇಳುವುದಕ್ಕೆ ಕರೆಯುತ್ತಿಲ್ಲ, ಅದನ್ನು ನಿನ್ನ ಹತ್ತಿರವೇ ಇಟ್ಟುಕೋ. ನನ್ನ ಜೊತೆ ನೀನು ಮಾತಾಡಬೇಕಾಗಿಲ್ಲ, ನಾನೂ ಆಡುವುದಿಲ್ಲ. ನನಗೆ ಬೇಕಾಗಿರುವುದು ನಿನ್ನ ತೋಳು. ಊಟ ಹಾಕುತ್ತೇನೆ. ಐನಾರ್ ದಿನಾ ಕೇಳುತ್ತಾನೆ, "ಆ ಕತ್ತೆ ಯಾವಾಗ ಬರ್ತಾನೆ?" ಎಂದು.

ಸಿಗ್ನಿ

*

ರಿಜೈನಾ
೧೪ ಸೆಪ್ಟೆಂಬರ್ ೧೯೭೫

ಅಮ್ಮ,

ಬಹಳ ತಿಂಗಳಿಗೆ ಬರೆಯುತ್ತಿದ್ದೇನೆ. ಸಿಟ್ಟು ಇಳಿದಿದೆ ಎಂದಲ್ಲ, ಸಿಟ್ಟಿಗೆ ಈಗ ಕೆಲಸ ಸಿಕ್ಕಿದೆ. ರಿಜೈನಾದಲ್ಲಿ ಹೊಸ ತಂಡ ಕಟ್ಟಿದ್ದಾರೆ, ಬೇರೆ ಲೀಗು. ಹಳೆ ಲೀಗಿನವರ ನಿಷೇಧ ಇಲ್ಲಿಗೆ ಅನ್ವಯವಾಗುವುದಿಲ್ಲ. ಇಲ್ಲಿಯ ಮ್ಯಾನೇಜರ್ ನನ್ನನ್ನು ಕರೆಸಿಕೊಂಡಿದ್ದೇ ಆ ಫ್ಲಿಂಟ್ ಆಟದ ಸುದ್ದಿ ಓದಿ. ಕಣ್ಣಿನ ವಿಷಯ ನಾನೇ ಹೇಳಿಬಿಟ್ಟೆ. ಅವನು ನಕ್ಕ. "ಒಳ್ಳೇದೇ ಆಯ್ತು. ಎಡಗಡೆ ಯಾರಿದಾರೆ ಅಂತ ಕಾಣದವನು ಯಾರನ್ನ ಬೇಕಾದ್ರೂ ಹೊಡೀತಾನೆ ಅಂತ ಜನ ಹೆದರ್ತಾರೆ" ಎಂದ. ಊರ ತುಂಬ ನನ್ನ ಮುಖದ ಪೋಸ್ಟರು. ಮೊದಲ ಆಟಕ್ಕೆ ಒಂದು ಸೀಟೂ ಉಳಿದಿಲ್ಲವಂತೆ. ಈಗ ಯಾವನೂ ಕಣ್ಣಿಗೆ ಕೈ ಇಟ್ಟುಕೊಂಡು ಅಣಕಿಸುವುದಿಲ್ಲ. ಅಭ್ಯಾಸದಲ್ಲಿ ಸ್ವಂತ ತಂಡದವರೇ ನನಗೆ ದಾರಿ ಬಿಡುತ್ತಾರೆ.

ಸಿಗ್ನಿ ಅಮ್ಮನ ಕಾಗದ ಬಂತು. ಇಲ್ಲಿಂದ ವಿನ್‌ಯಾರ್ಡಿಗೆ ಕಾರಿನಲ್ಲಿ ಒಂದು ಬೆಳಗು ಸಾಕು. ಒಂದು ದಿನ ಹೊರಟೂ ಬಿಟ್ಟೆ. ಊರಿನ ನೀರಿನ ಗೋಪುರ ಕಾಣುವ ತನಕ ಹೋಗಿ ಕಾರು ತಿರುಗಿಸಿದೆ.

ಅವನು ಬೈದರೆ ತಡೆದುಕೊಳ್ಳುತ್ತೇನೆ. ಅವನು ಬೈಯುವುದಿಲ್ಲ, ಅವನನ್ನು ನಾನು ಬಲ್ಲೆ. "ಬಂದ್ಯೇನೋ ಕತ್ತೆ" ಎಂದು ನಗುತ್ತಾನೆ. ಆ ನಗು ನೋಡಿ ಬಂದ ಮೇಲೆ ನಾನು ಇನ್ನೊಬ್ಬನಿಗೆ ಹೊಡೆಯಲಾರೆ. ಹೊಡೆಯದಿದ್ದರೆ ನಾನು ಯಾರೂ ಅಲ್ಲ. ಆದ್ದರಿಂದ ಹೋಗುವುದಿಲ್ಲ. ಅವರಿಗೆ ಏನು ಹೇಳಬೇಕೋ ನೀನೇ ಹೇಳು. ಅವರಿಗೆ ಬರೆದು ನಿನಗೆ ಅಭ್ಯಾಸವಿದೆ.

ಓರೆಸ್ಟ್

*

ಹಾಫರ್ಡ್
೨ ಅಕ್ಟೋಬರ್ ೧೯೭೫

ಸಿಗ್ನಿ ಅವರಿಗೆ,

ಓರೆಸ್ಟ್ ಬರುವುದಿಲ್ಲ. ಕಾರಣ ಬರೆಯಲು ನನಗೆ ನಾಚಿಕೆ. ಅವನು ಮತ್ತೆ ಆಡುತ್ತಿದ್ದಾನೆ, ನಿಮಗೆ ಹತ್ತಿರದಲ್ಲೇ, ರಿಜೈನಾದಲ್ಲಿ. ಇಲ್ಲಿ ಇಗರ್ಜಿಯ ಮುಂದೆ ಜನ ನನ್ನ ಕೈ ಕುಲುಕಿ, "ನಿಮ್ಮ ಮಗ ದೊಡ್ಡ ಆಟಗಾರ ಆದ್ನಲ್ಲ" ಅನ್ನುತ್ತಾರೆ. ಒಬ್ಬರ ಕೈಯನ್ನೂ ನಾನು ಕೊಡವಲಿಲ್ಲ. ಅದೂ ನಿಮಗೆ ಗೊತ್ತಿರಲಿ.

ನಾನು ಬರುತ್ತೇನೆ. ಅರವತ್ತೊಂದಾದರೂ ಗೋಧಿ ಮೂಟೆ ಎತ್ತಿದ ಬೆನ್ನು. ಎತ್ತುತ್ತೇನೆ, ತೊಳೆಯುತ್ತೇನೆ, ಅಡುಗೆಮನೆಯ ನೆಲದ ಮೇಲೆ ಮಲಗುತ್ತೇನೆ. ನನ್ನನ್ನು ಬೇಕಾದ ಹಾಗೆ ಬೈಯಿರಿ. ಐನಾರ್ ನನ್ನ ಮಗನನ್ನು ಶಪಿಸುತ್ತಾನೆಯೇ? ಶಪಿಸಿದರೆ ಅದನ್ನೂ ಅವನ ಬಾಯಿಂದಲೇ ಕೇಳಬೇಕು. ಶನಿವಾರದ ಬಸ್ಸಿಗೆ ಹೊರಡಲೇ?

ತೆಕ್ಲಾ

*

ವಿನ್‌ಯಾರ್ಡ್
೨೧ ಅಕ್ಟೋಬರ್ ೧೯೭೫

ತೆಕ್ಲಾ,

ಬರಬೇಡಿ. ನಾವಿಬ್ಬರು ತಾಯಂದಿರು ಸೇರಿ ಮಾಡಿದ್ದು ಸಾಕು. ಪಕ್ಕದ ಹೊಲದ ಗುನ್ನಾರ್ ಬೆಳಿಗ್ಗೆ ಬಂದು ಎತ್ತಿ ಕೂರಿಸಿ ಹೋಗುತ್ತಾನೆ. ಉಳಿದ ಹೊತ್ತಿನಲ್ಲಿ ಹಾಸಿಗೆಬಟ್ಟೆ ಎಳೆದು ಹೇಗೋ ನಾನೇ ಹೊರಳಿಸುತ್ತೇನೆ.

ಐನಾರ್ ಶಪಿಸುವುದಿಲ್ಲ. ಶಪಿಸಿದ್ದರೆ ನಾನೂ ಜೊತೆಗೆ ಕೂತು ಶಪಿಸುತ್ತಿದ್ದೆ, ಇಬ್ಬರಿಗೂ ಒಂದು ಸಮಾಧಾನವಿರುತ್ತಿತ್ತು. ಶನಿವಾರ ಬಂದರೆ ರಿಜೈನಾ ಆಟ ಹಾಕು ಎಂದು ಪ್ರಾಣ ತಿನ್ನುತ್ತಾನೆ. ರೇಡಿಯೋದವನು ನಿಮ್ಮ ಮಗನ ಹೆಸರು ಕೂಗಿದರೆ ಅಲ್ಲಿ ಇಡೀ ಜನ ಹುಚ್ಚೆದ್ದು ಕಿರುಚುತ್ತದೆ. ಇಲ್ಲಿ ಇವನು ದಿಂಬಿನ ಮೇಲಿಂದ, ಇರುವಷ್ಟು ಉಸಿರಿನಲ್ಲಿ, "ಎಡಗಡೆ ಕಣೋ, ಎಡಗಡೆ ನೋಡ್ಕೋ" ಎಂದು ಕೂಗುತ್ತಾನೆ. ನಿಮ್ಮ ಮಗ ಗೆದ್ದರೆ ಇವನ ಕಣ್ಣಲ್ಲಿ ನೀರು. ಅದನ್ನು ಒರೆಸಬೇಕಾದವಳು ನಾನು.

ರೇಡಿಯೋ ಇರುವುದು ಕಿಟಕಿಯ ಕಟ್ಟೆಯ ಮೇಲೆ. ಹೋದ ಶನಿವಾರ ನಿಮ್ಮ ಮಗನೂ ಎದುರಿನವನೂ ಗ್ಲೌಸ್ ಬಿಸಾಡಿದರು ಎಂದು ರೇಡಿಯೋದವನು ಹೇಳುವಷ್ಟರಲ್ಲಿ ನಾನು ಅದನ್ನು ಆರಿಸಿ ಅಡುಗೆಮನೆಗೆ ಹೋದೆ. "ಅಮ್ಮಾ, ಹಾಕಮ್ಮಾ, ಏನಾಯ್ತು ಅಂತ ಹೇಳಮ್ಮಾ" ಎಂದು ತುಂಬ ಹೊತ್ತು ಕರೆದ. ನಾನು ತಟ್ಟೆ ತೊಳೆಯುತ್ತಾ ನಿಂತಿದ್ದೆ. ಈ ಶನಿವಾರವೂ ಅಲ್ಲಿಗೇ ಆರಿಸುತ್ತೇನೆ.

ಸಿಗ್ನಿ